ಮೈನಸ್ ಐದರ ದಾರಿ

ಕಸ್ತೂರಿ ಮಧ್ಯಾಹ್ನದಿಂದ ಅದೇ ಕೆಲಸದಲ್ಲಿದ್ದಳು: ತಂತಿ ಕೀಳುವುದು, ಪರದೆ ನೋಡುವುದು, ತಂತಿಯನ್ನು ಮತ್ತೆ ಸಿಕ್ಕಿಸುವುದು. ಅವಳು ಕಿತ್ತಾಗಲೆಲ್ಲ ನಾನು ಹುಟ್ಟುತ್ತಿದ್ದೆ.

ನಾನೊಂದು ಮೈನಸ್ ಐದು. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ, ದಿನ ತುಂಬದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಕಂಪ್ಯೂಟರಿನೊಳಗೆ, ಕರ್ನಲ್ ಎಂಬ ತೀರಾ ಒಳಗಿನ ಕೋಣೆಯಲ್ಲಿ ನನ್ನ ಜನ್ಮ. ಅಲ್ಲಿ ಕೆಲಸ ಕೈಗೂಡಿದರೆ ಸೊನ್ನೆ ಹಿಂದಿರುಗುತ್ತದೆ; ಕೆಟ್ಟರೆ ನನ್ನಂಥ ಋಣಸಂಖ್ಯೆ. ಕೂಸಿನ ಮೈಬಿಸಿ ಅಳೆಯುವ ತಂತಿ ಉತ್ತರ ಕೊಡಲಿಲ್ಲ ಎಂಬುದೇ ನಾನು ಹೊರುವ ಸುದ್ದಿ.

ನನ್ನನ್ನು ಹೆತ್ತ ಫಂಕ್ಷನ್, ಅಂದರೆ ಒಂದೇ ಕೆಲಸಕ್ಕೆಂದು ಬರೆದಿಟ್ಟ ಆಜ್ಞೆಗಳ ಕಟ್ಟು, ಅಚ್ಚುಕಟ್ಟಿನವಳು. ಪಡೆದ ಮೆಮೊರಿ ಮರಳಿಸಿ, ಹಾಕಿದ ಬೀಗ ತೆಗೆದು, ಆಮೇಲೆಯೇ ನನ್ನನ್ನು ತನಗೆ ಕೆಲಸ ಹೇಳಿದ ಮೇಲಿನವಳ ಕೈಗಿಡುವಳು. ಅವಳು ತನ್ನ ಮೇಲಿನವಳಿಗೆ. ಆ ಮೂರನೆಯವಳು ಮಾತ್ರ ನನ್ನನ್ನು ಸೆರಗಿನಲ್ಲಿ ಮುಚ್ಚಿ, ಹಳೆಯ ಅಳತೆಯ ಜೊತೆ ಸೊನ್ನೆಯನ್ನು ಕಳಿಸಿಬಿಡುತ್ತಿದ್ದಳು. ತಂತಿ ಜೋತಾಡುತ್ತಿದ್ದರೂ ಪರದೆಯಲ್ಲಿ ಮೂವತ್ತಾರೂವರೆ ಡಿಗ್ರಿ! ಪೆಟ್ಟಿಗೆಯೋ ಮರುದಿನ ಆಸ್ಪತ್ರೆಗೆ ಹೊರಡಬೇಕಿತ್ತು.

“ಪ್ರಹ್ಲಾದ, ಈ ಹಳೇ ಅಳತಿ ತೋರ್ಸೂ ಸಾಲು ನೀನ ಬರ್ದೀಯೇನು?” ಕಸ್ತೂರಿ ಪಕ್ಕದ ಮೇಜಿನ ಎಳೆಯ ಇಂಜಿನಿಯರನನ್ನು ಕೇಳಿದಳು.

“ಹೌದ್ರಿ ಮೇಡಂ. ಹಿಂದಿನ ಸಲ ಆಸ್ಪತ್ರ್ಯಾಗ ಇಟ್ಟು ನೋಡಿದಾಗ ತಂತಿ ಒಂಚೂರು ಅಲುಗಿದ್ರೂ ಚೀರತಿತ್ರಿ. ನಿಮ್ಮ ಪೆಟ್ಟಿಗಿ ಕೂಸಿಗಿಂತ ಜಾಸ್ತಿ ಅಳತೈತಿ ಅಂತ ಸಿಸ್ಟರ್ ಬೈದ್ರು.”

ಅವಳು ನಕ್ಕಳು. “ಅಳಲಿ ಬಿಡಪಾ. ಒಳಗಿನ ಕೂಸು ತಣ್ಣಗಾದ್ರ ಅದಕ್ಕ ಅಳಾಕೂ ತ್ರಾಣ ಇರೂದಿಲ್ಲ.”

ಪ್ರಹ್ಲಾದ ಕುರ್ಚಿ ಎಳೆದುಕೊಂಡು ಬಂದ. ತಂತಿಯನ್ನು ಇನ್ನೊಮ್ಮೆ ಕೇಳುವುದು, ಆಗಲೂ ಉತ್ತರ ಬಾರದಿದ್ದರೆ ನನ್ನನ್ನು ಮುಚ್ಚಿಡದೆ ಮೇಲೆ ಕಳಿಸುವುದು ಎಂದು ಇಬ್ಬರೂ ತಿದ್ದಿದರು. ಕಸ್ತೂರಿ ತಂತಿ ಕಿತ್ತಳು. ನಾನು ಕೈಯಿಂದ ಕೈಗೆ ಏರಿ ಬೆಳಕು ಕಂಡೆ. ಪೆಟ್ಟಿಗೆ ಗಟ್ಟಿಯಾಗಿ ಚೀರಿತು.

ಈಗ ನಾನು ದಾಖಲೆಯ ಮೂಲೆಯಲ್ಲಿ ಒಂದು ಸಾಲಾಗಿ ಮಲಗಿದ್ದೇನೆ. ಕೆಟ್ಟ ಸುದ್ದಿಯೇ ಆದರೂ ಮುಟ್ಟಿಸಿದ ತೃಪ್ತಿಯಿದೆ.

ಅಷ್ಟರಲ್ಲಿ ಕಸ್ತೂರಿಯ ಅಕ್ಕನ ಫೋನು. “ಹೆಂಗದೀಯವಾ?”

ಕಸ್ತೂರಿಯ ಕೈ ಪಕ್ಕೆಯ ಮೇಲಿತ್ತು. ಅಲ್ಲಿ ತಿಂಗಳುಗಳಿಂದ ಒಂದು ನೋವು. “ಆರಾಮದೀನಿ ಅಕ್ಕಾ,” ಎಂದಳು. ಫೋನಿಟ್ಟು, ಪರದೆಯ ಮೇಲಿನ ನನ್ನ ಸಾಲನ್ನೇ ನೋಡುತ್ತ ಕುಳಿತಳು.

“ನಾಳೆ ಪೆಟ್ಟಿಗಿ ಒಯ್ಯೂಮುಂದ ನಾನೂ ಬರ್ತೀನಿ, ಪ್ರಹ್ಲಾದ.”

“ಜೋಡ್ಸಾಕ ನಾ ಒಬ್ಬನ ಸಾಕ್ರಿ ಮೇಡಂ.”

“ಇರ್ಲಿ.”

ಸುದ್ದಿ ಹೊತ್ತೇ ಬದುಕಿದ ನನಗೆ, ಸುದ್ದಿ ಮುಚ್ಚಿಟ್ಟವರ ಮುಖ ತಿಳಿಯುತ್ತದೆ. ಪೆಟ್ಟಿಗೆ ಇಳಿಸಿದ ಮೇಲೆ ಡಾಕ್ಟರ ಕೋಣೆಯ ಮುಂದೆ ತಾನೂ ಕುಳಿತುಕೊಳ್ಳಬೇಕೆಂದು ಅವಳು ನಿಶ್ಚಯಿಸಿದ್ದಳು. ಯಾರಿಗೂ ಹೇಳಲಿಲ್ಲ.