ತೂಬಿಲ್ಲದ ನೀರಿಗೆ ಇಳಿಯುವ ಮುನ್ನ

ಉರಿಗಾಂನ ಮುನೀಂದ್ರನಿಗೆ ಮೀನಿನ ಹುಚ್ಚು. ಲಾರಿ ಟ್ಯೂಬಿನ ಮೇಲೆ ಕೂತು ಕೆರೆಗಳಲ್ಲಿ ಗಾಳ ಹಾಕಿ ಪಳಗಿದವನು. ಈ ಸಲ ಚೆನ್ನೈ ಆಚೆ, ಸಮುದ್ರದ ಪಕ್ಕದ ಜೌಗಿನಲ್ಲಿ ಮೀನು ಹಿಡಿಯುವ ಆಸೆ. ಹೆಂಡತಿ ಸುಮಿತಾಳ ತಂಗಿ ಶ್ಯಾಮಲ ಮದುವೆಯಾಗಿ ಹೋದ ಊರದು. ಅಲ್ಲಿ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಬಾಡಿಗೆಗೆ ಸಿಗುತ್ತದೆ. ಮಗಳು ನವ್ಯಳನ್ನೂ ಕೂರಿಸಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದ. ನವ್ಯಳಿಗೆ ಈಜು ಬಾರದು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಶ್ಯಾಮಲ ವಿಡಿಯೊ ಕಾಲಿನಲ್ಲಿ ನೀರು ತೋರಿಸಿದಳು. ದಡದವರೆಗೂ ತುಂಬಿತ್ತು.

"ಕೋಡಿ ಬೀಳೋ ಕೆರೆ ಇದ್ದಂಗೈತೆ. ನಾಳೆ ಓದ ತಕ್ಷಣ ದೋಣಿ ಅತ್ತೋದೇ," ಎಂದ ಮುನೀಂದ್ರ.

ಮಧ್ಯಾಹ್ನ ಮತ್ತೆ ವಿಡಿಯೊ ಕಾಲ್ ಮಾಡಿದ. ನೀರಿದ್ದ ಕಡೆ ಬರೀ ಕೆಸರು, ಮೇಲೆ ಕೊಕ್ಕರೆಗಳ ಓಡಾಟ.

"ಬೇರೆ ಜಾಗ ತೋರಿಸ್ತಿದ್ದೀಯಾ?"

"ಅದೇ ಜಾಗ ಭಾವ."

"ಮತ್ತೆ ನೀರೆಲ್ಲೋಯ್ತು? ತೂಬು ಯಾರೆತ್ತಿದ್ರು? ನಿಮ್ಮೂರಲ್ಲಿ ನೀರು ಬಿಡೋ ನೀರುಗಂಟಿಗೆ ಫೋನ್ ಕೊಡು."

"ಇಲ್ಲಿ ತೂಬೂ ಇಲ್ಲ, ನೀರುಗಂಟೀನೂ ಇಲ್ಲ. ಸಮುದ್ರ ಉಬ್ಬಿ ಒಳಗೆ ಬತ್ತದೆ, ಇಳಿದು ಓಗ್ತದೆ. ದಿನಕ್ಕೆ ಎರಡೆರಡು ಸಲ. ಹೊತ್ತೂ ದಿನಾ ಬದಲಾಗ್ತದೆ. ಅಮಾಸೆ, ಹುಣ್ಣಿಮೆಗೆ ಇನ್ನೂ ಜೋರು."

"ಓದ ನೀರು ಸಂಜೆಗೇ ವಾಪಸ್ ಬತ್ತದಾ? ನಮ್ಮ ಕೆರೇಲಿ ಮುಂದಿನ ಮಳೆಗೇ ಬರೋದು. ಓಗ್ಲಿ, ನೀರು ಕಮ್ಮಿ ಇದ್ದಾಗ ಓದ್ರೆ ಮುಳುಗೋ ಭಯಾನೇ ಇಲ್ವಲ್ಲ?"

"ಕೆಸರಲ್ಲಿ ಕಾಲಿಟ್ರೆ ಸೊಂಟದ ತನಕ ಎಳ್ಕಂತದೆ ಭಾವ. ನೀರು ಇಳಿಯೋವಾಗ ಸೆಳೆತ ದೋಣೀನ ಸಮುದ್ರದ ಬಾಯಿಗೇ ಒಯ್ತದೆ. ಗಾಳೀನೂ ಎದುರಾದ್ರೆ ಎಷ್ಟು ಹುಟ್ಟಾಕಿದ್ರೂ ದಡ ಸಿಗಲ್ಲ."

ಮುನೀಂದ್ರ ರೇಡಿಯೊ ಹವಾಮಾನದವರ ದನಿ ತೆಗೆದ: "ಕರಾವಳಿಯಲ್ಲಿ ಕೆಸರು. ಭಾವನ ತಲೆಯಲ್ಲಿ ಮೋಡ."

ಸುಮಿತಾ ನಗಲಿಲ್ಲ. ನವ್ಯ ಅಪ್ಪನ ತೋಳು ಹಿಡಿದು ಕೇಳಿದಳು: "ಅಪ್ಪ, ನೀರು ಓದ್ರೆ ನಾವೂ ಅದ್ರ ಜೊತೆ ಓಗ್ತೀವಾ?"

ಮುನೀಂದ್ರ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಫೋನಿನತ್ತ ತಿರುಗಿದ.

"ಶ್ಯಾಮಲ, ನೀರು ಎಲ್ಲಿಗೋಗಿ ಎಲ್ಲಿಂದ ಬತ್ತದೋ, ನಂಗಿನ್ನೂ ತಿಳೀತಿಲ್ಲ. ಆದ್ರೆ ಕೇಳ್ದೆ ಇಳಿಯಲ್ಲ. ಯಾರನ್ನ ಕೇಳ್ಬೇಕು?"

"ದಡದಾಗೆ ಮೀನುಗಾರರು ಇರ್ತಾರೆ. ಅವತ್ತಿನ ಉಬ್ಬರ ಯಾವಾಗ, ಇಳಿತ ಯಾವಾಗ, ಗಾಳಿ ಎಂಗೆ ಅಂತ ಕೇಳಿ. ಮೊಬೈಲಲ್ಲಿ ಹವಾಮಾನಾನೂ ನೋಡಿ. ಲೈಫ್ ಜಾಕೆಟ್ ಇಲ್ದೆ ಕೂರ್ಬೇಡಿ. ಯಾವಾಗ ವಾಪಸ್ ಬತ್ತೀರಂತ ನಂಗೆ ತಿಳಿಸಿ ಓಗಿ."

ಮರುದಿನ ಅಲ್ಲಿ ಗಾಳಿ ಜೋರಿತ್ತು. ಮೀನುಗಾರರು ಬೇಡವೆಂದರು; ಕಯಾಕ್ ದಡದಲ್ಲೇ ಉಳಿಯಿತು. ಅದರ ಮಾರನೆಯ ದಿನ ಗಾಳಿ ತಗ್ಗಿತು. ನೀರೇರುವ ಹೊತ್ತು ನೋಡಿಕೊಂಡು ಅಪ್ಪ ಮಗಳು ಜಾಕೆಟ್ ತೊಟ್ಟು ಹೋದರು, ಇಳಿತ ಶುರುವಾಗುವ ಮೊದಲೇ ದಡ ಸೇರಿದರು. ಸಿಕ್ಕಿದ್ದು ಒಂದೇ ಮೀನು, ಅದೂ ನವ್ಯಳ ಗಾಳಕ್ಕೆ.

ಕೆರೆ ನೋಡಿ ಬೆಳೆದ ನಮ್ಮವರೇ, ಸಮುದ್ರದ ಗುಟ್ಟೆಲ್ಲ ಅರ್ಥವಾಗಬೇಕಿಲ್ಲ. ನೀರಿಗಿಳಿಯುವ ಮೊದಲು ಗೊತ್ತಿದ್ದವರನ್ನು ಕೇಳಿ. ಅವರು ಬೇಡವೆಂದರೆ ಅವತ್ತಿಗೆ ಅಂಗಡಿ ಮೀನೇ ರುಚಿ.