ಹೊಸ್ತಿಲಾಚೆಯ ಜಪಸರ

ಮೂರು ವಾರಕ್ಕೊಮ್ಮೆ ಗುರುವಾರ ಸಂಜೆ ಗ್ರೆಟ್ಟಾ ಮೆಲ್ಬರ್ನಿನಲ್ಲಿ ವಿಮಾನ ಹತ್ತುತ್ತಿದ್ದಳು, ಭಾನುವಾರ ಮರಳುತ್ತಿದ್ದಳು. ಇದು ಐದನೆಯ ಸಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಆ ಮನೆಯಲ್ಲಿ ಅವಳ ಅಕ್ಕ ಜೋವಿಟಾ ತೀರಿಹೋಗಿ ಮೂರು ವರ್ಷವಾಗಿತ್ತು. ಈಗ ಭಾವ ನೋರ್ಬರ್ಟ್‌ಗೆ ಕರುಳಿನ ಕ್ಯಾನ್ಸರ್. ಉಳಿದದ್ದು ಹತ್ತು ವರ್ಷದ ರಿಯೋನಾ, ಆರು ವರ್ಷದ ಸ್ಯಾವಿಯೋ, ಮತ್ತು ಯಾರೂ ಮಡಚದ ಗುಡ್ಡದಷ್ಟು ಬಟ್ಟೆ.

ಕೀಮೋದಿಂದ ನೋರ್ಬರ್ಟ್‌ನ ಬಿಳಿ ರಕ್ತಕಣ ತಳ ಕಂಡಿವೆ, ಹತ್ತು ದಿನ ಮನೆಯೊಳಗೆ ಯಾರನ್ನೂ ಬಿಡಬೇಡಿ ಎಂದು ಶುಕ್ರವಾರ ನರ್ಸ್ ಹೇಳಿದ್ದಳು. ಹೋದ ಸಲ ಜ್ವರ ಏರಿ ನೋರ್ಬರ್ಟ್ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮಕ್ಕಳು ಮೂರು ಮನೆಗಳಲ್ಲಿ ಮಲಗಿ ಎದ್ದಿದ್ದರು. ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಸ್ಯಾವಿಯೋ ಮಾತು ನಿಲ್ಲಿಸಿದ್ದ.

ಆದರೆ ಶನಿವಾರವೆಂದರೆ ಹ್ಯಾರಿಸ್ ಅಂಕಲ್ ಅಲ್ಲಿನ ಮಂಗಳೂರಿನವರನ್ನೆಲ್ಲ ಕಟ್ಟಿಕೊಂಡು ಜಪಸರದ ಪ್ರಾರ್ಥನೆಗೆ ಬರುವ ದಿನ. ಇಪ್ಪತ್ತು ಜನ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿ, ಕೊನೆಗೆ ಒಬ್ಬೊಬ್ಬರೂ ರೋಗಿಯ ಹಣೆ ಮುಟ್ಟಿ, ಚಹಾ ಕುಡಿದು ಹೋಗುತ್ತಿದ್ದರು. ಬರಲೇ ಎಂದು ಫೋನ್ ಮಾಡಿ ಕೇಳುವ ಪದ್ಧತಿಯೇ ಇರಲಿಲ್ಲ.

"ಬರ್ಲಿ ಬಿಡು," ಅಂದ ನೋರ್ಬರ್ಟ್. "ನೀನು ನಾಳೆ ಹೋಗ್ತಿ. ಸೋಮವಾರ ಮಕ್ಕಳನ್ನು ಸ್ಕೂಲಿಗೆ ಬಿಡುವವ ಹ್ಯಾರಿಸೇ ಅಲ್ವಾ?"

"ಜ್ವರ ಬಂದ್ರೆ?"

"ಬಂದ್ರೆ ಹಾಸ್ಪಿಟಲ್ ಉಂಟು. ಮಕ್ಕಳನ್ನು ಕಾರಲ್ಲಿ ಬಿಡ್ಲಿಕ್ಕೆ ಬೇರೆ ಯಾರುಂಟು?"

ನಾಲ್ಕಕ್ಕೆ ಕಾರುಗಳು ಸಾಲಾಗಿ ನಿಂತವು. ಮುಂದೆ ಹ್ಯಾರಿಸ್ ಅಂಕಲ್, ಒಂದು ಕೈಯಲ್ಲಿ ಹಂದಿ ಮಾಂಸದ ಪಾತ್ರೆ, ಇನ್ನೊಂದರಲ್ಲಿ ಒದ್ದೆ ಕರವಸ್ತ್ರ.

"ಎಂತ ಗ್ರೆಟ್ಟಾ, ಬಾಗಿಲಿಗೆ ಅಡ್ಡ ನಿಂತಿದ್ದಿ? ಮೆಲ್ಬರ್ನಿನವರು ನೆಂಟರನ್ನು ಕರೆಯುವುದು ಹೀಗೆಯಾ?"

ಹಿಂದಿದ್ದ ಆಂಟಿಯರು ನಕ್ಕರು.

"ಒಳಗೆ ಬೇಡ ಅಂಕಲ್. ಇನ್ಫೆಕ್ಷನ್ ಆಗ್ತದೆ ಅಂತ ನರ್ಸ್ ಹೇಳಿದ್ದಾಳೆ."

"ಪ್ರಾರ್ಥನೆಯಿಂದ ಇನ್ಫೆಕ್ಷನ್ ಆಗ್ತದಾ ಮಾರಾಯ್ತಿ?"

"ಪ್ರಾರ್ಥನೆಯಿಂದ ಅಲ್ಲ. ನಿಮ್ಮ ಮೂಗಿನಿಂದ."

ಈಗ ಯಾರೂ ನಗಲಿಲ್ಲ. ಮೆತ್ತಗೆ ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದಳು. ಮೆತ್ತಗಾಗಲು ಬೇಕಾದ ಶಕ್ತಿ ಉಳಿದಿರಲಿಲ್ಲ.

"ಸರಿ. ಇಲ್ಲೇ ಮಾಡುವ," ಅಂದರು ಅಂಕಲ್.

ಮನೆಯೆದುರಿನ ಡ್ರೈವ್‌ವೇಯ ಕಾಂಕ್ರೀಟಿನ ಮೇಲೆ ನಿಂತೇ ಜಪಸರ ಆಯಿತು, ಬಸ್ಸು ತಪ್ಪಿಹೋಗುತ್ತದೆ ಎಂಬಷ್ಟು ಅವಸರದಲ್ಲಿ. ಎದುರುಮನೆಯವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಟೋಪಿ ತೆಗೆದ. ಯಾರೋ ಸತ್ತಿದ್ದಾರೆಂದು ತಿಳಿದಿರಬೇಕು.

ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಅಂಕಲ್ ಕಾರಿನ ಕಡೆ ನೋಡಿದರು. "ಸೋಮವಾರ ನನಗೆ ಸ್ವಲ್ಪ ಕೆಲಸ ಉಂಟು."

ಆಂಟಿಯರು ತಮ್ಮ ತಮ್ಮ ಪರ್ಸುಗಳಲ್ಲಿ ಕಾರಿನ ಕೀ ಹುಡುಕತೊಡಗಿದರು.

ಒಳಗೆ ನೋರ್ಬರ್ಟ್ ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸಿಟ್ಟಾದ್ರಾ?"

"ಆದರು."

"ಸೋಮವಾರ?"

"ನಾನಿದ್ದೇನೆ." ಆಫೀಸಿಗೆ ಅವಳಿನ್ನೂ ಫೋನ್ ಮಾಡಿರಲಿಲ್ಲ. ಏನು ಹೇಳುವುದೆಂದೂ ಗೊತ್ತಿರಲಿಲ್ಲ.

"ಮಂಗಳವಾರ?"

ಅವಳು ಥರ್ಮಾಮೀಟರನ್ನು ಅವನ ಬಾಯಿಗಿಟ್ಟಳು. ಅವಳೂ ಇಬ್ಬರು ಮಕ್ಕಳೂ ಅವನ ಮುಖವನ್ನೇ ನೋಡುತ್ತ ಕಾದರು. ಅದು ಕುಂಯ್‌ಗುಟ್ಟಿದಾಗ ರಿಯೋನಾ ತೆಗೆದು ಓದಿದಳು: "ಥರ್ಟಿಸಿಕ್ಸ್ ಪಾಯಿಂಟ್ ಎಯ್ಟ್."

"ನಾರ್ಮಲ್," ಅಂದಳು ಗ್ರೆಟ್ಟಾ, ಬಟ್ಟೆಗಳ ನಡುವೆಯೇ ಕುಸಿದು ಕೂರುತ್ತ.

"ಬುಧವಾರ?" ಅಂದ ನೋರ್ಬರ್ಟ್.