ನಿಬ್ಬಿಗೆ ಚುಚ್ಚಿದ ನಿಂಬೆಹಣ್ಣು

ಆಯುಧಪೂಜೆ ಅಂದರೆ ಓಂಕಾರಪ್ಪನವರಿಗೆ ಎಲ್ಲಿಲ್ಲದ ಹುರುಪು. ದಾವಣಗೆರೆ ಕಡೆಯಿಂದ ಕೆ.ಜಿ.ಎಫ್.ಗೆ ಬಂದು ಕಾರ್ಖಾನೆ ಸೇರಿದ ವರ್ಷದಿಂದ ತಮ್ಮ ಡ್ರಿಲ್ಲಿಂಗ್ ಮೆಷಿನ್ನಿಗೆ ಅವರೇ ವಿಭೂತಿ ಬಳಿದು, ಹೂವು ಮುಡಿಸಿ, ಕೊನೆಗೆ ಅದರ ಮೂತಿಗೊಂದು ನಿಂಬೆಹಣ್ಣು ಚುಚ್ಚಿ ಕೈಮುಗಿಯುತ್ತಿದ್ದರು. ನಿಂಬೆಹಣ್ಣು ಚುಚ್ಚದಿದ್ದರೆ ಪೂಜೆಯೇ ಆಗಿಲ್ಲ ಎಂಬುದು ಅವರ ಖಡಾಖಂಡಿತ ಅಭಿಪ್ರಾಯ. ಮನೆಯಲ್ಲೂ ಅಷ್ಟೇ. ಈಳಿಗೆ ಮಣೆಗೂ ನಿಂಬೆಹಣ್ಣು, ಸ್ಕ್ರೂಡ್ರೈವರಿಗೂ ನಿಂಬೆಹಣ್ಣು. ಚಿತ್ರಾನ್ನಕ್ಕೆ ಒಂದೂ ಉಳಿಯಲಿಲ್ಲ ಎಂದು ಹೆಂಡತಿ ಕಾಂತಮ್ಮ ಗೊಣಗುವುದೂ ಹಬ್ಬದ ಪದ್ಧತಿಯಲ್ಲಿ ಸೇರಿಹೋಗಿತ್ತು.

ಈ ಸಲ ಮಗ ಸೃಜನ್‌ನ ಹೆಂಡತಿ ಜ್ಯೋತ್ಸ್ನಾಳ ಪೆನ್ನೂ ಪೂಜೆಗೆ ಬಂತು. ಅದು ಅವಳ ತಂದೆಯದು. ವಕೀಲರಾಗಿದ್ದ ಅವರು ಆಸೆಪಟ್ಟು ತರಿಸಿಕೊಂಡಿದ್ದ ಜರ್ಮನಿಯ ಶಾಯಿ ಪೆನ್ನು, ಚಿನ್ನದ ನಿಬ್ಬು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಮಗಳ ಪಾಲಿಗೆ ಉಳಿದದ್ದು ಅದೊಂದೇ. ಅವಳು ಅದರಲ್ಲಿ ಒಂದು ಗೆರೆಯನ್ನೂ ಬರೆದವಳಲ್ಲ. ಆಗಾಗ ಡಬ್ಬಿ ತೆರೆದು ನೋಡಿ ಮುಚ್ಚಿಡುತ್ತಿದ್ದಳು.

"ಇದನ್ನೂ ಇಡಿ ಮಾವ" ಎಂದು ಅವಳೇ ತಂದುಕೊಟ್ಟಳು.

ಬೀಗರ ಮೇಲಿನ ಗೌರವ ಬೇರೆ. ಓಂಕಾರಪ್ಪ ಮುಚ್ಚಳ ತೆಗೆದು, ಇದ್ದುದರಲ್ಲೇ ದಪ್ಪನೆಯ ಹಣ್ಣು ಆರಿಸಿ, ನಿಬ್ಬಿಗೆ ಒತ್ತಿ ಚುಚ್ಚಿದರು. ಚಿನ್ನದ ಊರಲ್ಲಿ ಇಷ್ಟು ವರ್ಷ ಅನ್ನ ತಿಂದ ಮನುಷ್ಯನಿಗೆ ಚಿನ್ನ ಎಷ್ಟು ಮೆತ್ತಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಾರನೆಯ ದಿನ ಹಣ್ಣು ಕಿತ್ತಾಗ ನಿಬ್ಬು ಕವಲೊಡೆದಿತ್ತು. ಒಳಗೆಲ್ಲ ತಿರುಳು ಸಿಕ್ಕಿಕೊಂಡಿತ್ತು. ಜ್ಯೋತ್ಸ್ನಾ ನೋಡಿದಳು. "ಇರ್ಲಿ ಬಿಡಿ ಮಾವ" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಓಂಕಾರಪ್ಪನವರಿಗೆ ಅಂದು ಊಟ ಸೇರಲಿಲ್ಲ. ತಾವೇ ಸರಿಮಾಡಿಬಿಡೋಣ ಎಂದು ಇಕ್ಕಳ ಹಿಡಿದು ಕೂತರು.

"ಸುಮ್ನಿರ್ರಿ, ಮಾಡಿದ್ದು ಸಾಲ್ದೇನು?" ಎಂದು ಕಾಂತಮ್ಮ ಇಕ್ಕಳ ಕಸಿದುಕೊಂಡರು. ಆ ಒಂದು ಉಪಕಾರಕ್ಕೆ ಆಕೆಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಪೆನ್ನಿನ ಡಬ್ಬಿ ಹಿಡಿದು, ಕೆ.ಜಿ.ಎಫ್.ನ ಊರಿಗಾಂನಲ್ಲಿ ರೈಲು ಹತ್ತಿ ಓಂಕಾರಪ್ಪ ಬಂಗಾರಪೇಟೆಗೆ ಹೋದರು. ಸ್ಟೇಷನ್ ಹತ್ತಿರ ಚಲಪತಿ ಎಂಬವರ ವಾಚ್ ರಿಪೇರಿ ಅಂಗಡಿ. ಹಳೆಯ ಪೆನ್ನುಗಳನ್ನೂ ನೋಡುತ್ತಾರೆಂದು ಯಾರೋ ಹೇಳಿದ್ದರು. ಚಲಪತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಿಬ್ಬನ್ನು ನೋಡಿದರು, ಆಮೇಲೆ ಮೂಸಿದರು.

"ಏನ್ ಸಾರ್, ಪೆನ್ನನ್ನ ಉಪ್ಪಿನಕಾಯಿ ಆಕ್ಬುಟ್ರಾ?"

ಓಂಕಾರಪ್ಪ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಪೆನ್ನು ಯಾರದೆಂದು ತಿಳಿದ ಮೇಲೆ ಚಲಪತಿ ತಮಾಷೆ ಬಿಟ್ಟರು. ಪೆನ್ನನ್ನು ತಣ್ಣೀರಲ್ಲಿ ನೆನೆಹಾಕಿದರು. ಚೆನ್ನಾಗಿ ನೆಂದ ಮೇಲೆ ನಿಬ್ಬನ್ನೂ ಅದರಡಿಯಲ್ಲಿ ಶಾಯಿ ಹರಿಸುವ ಕಪ್ಪು ನಾಲಿಗೆಯನ್ನೂ ಮೆಲ್ಲಗೆ ಹೊರಗೆಳೆದು, ಮೆತ್ತನೆಯ ಬ್ರಷ್ಷಿನಿಂದ ತಿರುಳೆಲ್ಲ ತೊಳೆದರು. ಕವಲೊಡೆದ ತುದಿಗಳನ್ನು ಬೆರಳಲ್ಲೇ ಚೂರುಚೂರೇ ಒತ್ತಿ ಕೂಡಿಸಿದರು. ಕಾಗದದ ಮೇಲೆ ಎಳೆದು ನೋಡಿದರೆ ಶಾಯಿಯೇನೋ ಬಂತು, ಆದರೆ ಕರಕರ ಎಂದಿತು.

"ತುದಿ ಒಂದ್ಕಡೆ ಸವೆದೈತೆ ಸಾರ್. ಇದು ನಿಂಬೆಹಣ್ಣಿನ ಕೆಲ್ಸ ಅಲ್ಲ. ಬರೀತಿದ್ದೋರು ಎಡಕ್ಕೆ ವಾಲಿಸ್ಕೊಂಡು ಬರ್ದವ್ರೆ. ಉಜ್ಜಿ ನುಣ್ಣಗೆ ಮಾಡ್ಕೊಡ್ತೀನಿ, ಒಸದ್ರಂಗೆ ಓಡ್ತದೆ" ಎಂದು ಚಲಪತಿ ಉಜ್ಜುವ ಕಾಗದ ತೆಗೆದರು.

ಓಂಕಾರಪ್ಪ ಹೂಂ ಎನ್ನುವವರಿದ್ದರು. ಲೋಹ ಒರಟಾಗಿದ್ದರೆ ಉಜ್ಜಬೇಕು ಎಂದೇ ಜೀವಮಾನವಿಡೀ ನಂಬಿದವರು. ಆದರೆ ಆ ಸವೆತ ಇಡೀ ಒಂದು ಆಯುಷ್ಯದ ಬರವಣಿಗೆಯದು. ಬೀಗರ ಕೈ ಈ ಲೋಕದಲ್ಲಿ ಉಳಿದಿದ್ದರೆ ಆ ಸಾಸಿವೆಗಿಂತ ಸಣ್ಣ ತುದಿಯಲ್ಲೇ ಉಳಿದಿದೆ. ಅದನ್ನೂ ಉಜ್ಜಿಬಿಟ್ಟರೆ ತಾವು ಎರಡನೆಯ ಸಲ ಕೆಡಿಸಿದಂತೆ ಎನಿಸಿತು.

"ಬ್ಯಾಡ್ರಿ. ಅದು ಹಂಗೇ ಇರ್ಲಿ."

"ಕರಕರ ಅಂತೈತಲ್ಲ ಸಾರ್, ನನ್ನ ಬೈಕೊಂತಾರೆ."

"ಬೈದ್ರೆ ನನ್ನ ಬೈಲಿ ಬಿಡ್ರಿ."

ಚಲಪತಿ ನಿಬ್ಬನ್ನು ಹಾಗೆಯೇ ಕೂರಿಸಿಕೊಟ್ಟರು. "ಬಿಸಿನೀರು ಸೋಕಿಸ್ಬ್ಯಾಡಿ. ಶಾಯಿ ಬರ್ಲಿಲ್ಲ ಅಂತ ಜಾಡಿಸ್ಬ್ಯಾಡಿ. ಪೂಜೆ ಮಾಡೋದಾದ್ರೆ ಮುಚ್ಚಳಕ್ಕೆ ಮಾಡಿ. ಎಲ್ಲಕ್ಕಿಂತ ಮುಖ್ಯ, ಆ ಮಗು ದಿನಾ ನಾಕಕ್ಷರ ಬರೀಲಿ. ಡಬ್ಬೀಲಿಟ್ರೆ ಶಾಯಿ ಒಣಗಿ ತಾನಾಗೇ ಕೆಡ್ತದೆ" ಎಂದರು.

ಮನೆಗೆ ಬಂದವರೇ ಪೆನ್ನನ್ನು ಸೊಸೆಯ ಕೈಗಿಟ್ಟರು. ಜ್ಯೋತ್ಸ್ನಾ ಒಂದು ಗೆರೆ ಎಳೆದಳು. ಕರಕರ ಎಂದಿತು. ಅವಳ ಮುಖ ಸಣ್ಣಗಾಯಿತು.

"ಎಡಕ್ಕೆ ಸ್ವಲ್ಪ ವಾಲಿಸಿ ಹಿಡಿಯಮ್ಮ" ಎಂದರು ಓಂಕಾರಪ್ಪ.

ಅವಳು ವಾಲಿಸಿದಳು. ಸದ್ದು ನಿಂತು ನೀಲಿ ಗೆರೆ ಸರಾಗವಾಗಿ ಹರಿಯಿತು. ಅವಳು ತನ್ನ ಕೈಯನ್ನೇ ನೋಡಿದಳು.

"ಅಪ್ಪ ಹಿಂಗೇ ಹಿಡೀತಿದ್ರು. ನೀವು ಅವ್ರು ಬರೆಯೋದನ್ನ ನೋಡೇ ಇಲ್ವಲ್ಲ ಮಾವ, ಹೆಂಗೆ ಗೊತ್ತಾತು?"

"ನಿಬ್ಬು ಹಂಗೇ ಸವೆದೈತಿ. ಅಂಗಡಿಯವ್ರು ಉಜ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ. ದಿನಾ ಬರೀಬೇಕಂತೆ ನೋಡು, ಇಲ್ಲಾಂದ್ರೆ ಮತ್ತೆ ಕೆಡ್ತದಂತೆ."

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಪೆನ್ನು ಕೆಳಗಿಡದೆಯೇ ಅಡುಗೆಮನೆಯತ್ತ ಕೂಗಿದಳು.

"ಅತ್ತೆ, ಬರೆಯೋಕೆ ಏನಾದ್ರೂ ಹೇಳಿ."

"ನಿಂಬೆಹಣ್ಣು ಅಂತ ಬರಿ" ಎಂದರು ಕಾಂತಮ್ಮ ಒಳಗಿನಿಂದಲೇ. "ಮನ್ಯಾಗ ಒಂದೂ ಉಳಿದಿಲ್ಲ."

ಜ್ಯೋತ್ಸ್ನಾ ನಗುತ್ತ, ಮೂಗು ಸೇದುತ್ತ, ಪೆನ್ನನ್ನು ಎಡಕ್ಕೆ ವಾಲಿಸಿ ಅದನ್ನೇ ಬರೆದಳು.